ಕಡಲೆ ಹೊಲದಲ್ಲಿ ಬಿಟ್ಟ ಚರಗದ ಸಾಲು

ಈ ಬರಹದಲ್ಲಿ ಪ್ರಸ್ತಾಪಿಸಲಾಗಿರುವ ಹೊಲವು ಸಿಂದಗಿ ತಾಲ್ಲೂಕಿನ ಮೋರಟಗಿಯಿಂದ ಆಚೆ, ಡಾಂಬರು ರಸ್ತೆಗೆ ಕೂಗಳತೆಯ ದೂರದಲ್ಲಿದೆ. ಕಪ್ಪು ಎರೆಮಣ್ಣು, ಮೂಡಣ ಬದುವಿನ ಮೇಲೆ ಒಂದು ಬನ್ನಿ ಗಿಡ. ಸರ್ವೆ ನಂಬರು ನನಗೆ ಇಂದಿಗೂ ಬಾಯಿಪಾಠವಿದೆಯಾದರೂ, ಸಂಬಂಧಪಟ್ಟವರ ಅನುಮತಿ ಪಡೆಯದೆ ಅದನ್ನು ಇಲ್ಲಿ ನಮೂದಿಸುವುದು ಸೂಕ್ತವಲ್ಲವೆಂದು ಕೈಬಿಟ್ಟಿದ್ದೇನೆ. ಹೆಸರುಗಳನ್ನೂ ಅದೇ ಕಾರಣಕ್ಕಾಗಿ ಬರೆದಿಲ್ಲ. ನಾನು ಬಸವನ ಬಾಗೇವಾಡಿ ಕಡೆಯ ಒಕ್ಕಲುತನದ ಮನೆಯಿಂದ ಬಂದವನು. ಕೃಷಿ ಸಹಾಯಕನಾಗಿ ಮುದ್ದೇಬಿಹಾಳದಲ್ಲಿ ಕೆಲವು ವರ್ಷ ಕೆಲಸ ಮಾಡಿ, ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಸಿಂದಗಿ ತಾಲ್ಲೂಕಿಗೆ ವರ್ಗವಾಗಿ ಬಂದೆ. ಟಿಪ್ಪಣಿ, ವರದಿ, ಪತ್ರಗಳ ಹೊರತಾಗಿ ಈವರೆಗೆ ಏನನ್ನೂ ಬರೆದವನಲ್ಲವಾದ್ದರಿಂದ, ಹೇಳುವ ಕ್ರಮದಲ್ಲಿ ಲೋಪ ಕಂಡುಬಂದಲ್ಲಿ ಓದುಗರು ಮನ್ನಿಸಬೇಕಾಗಿ ಮೊದಲೇ ವಿನಂತಿಸುತ್ತೇನೆ.

ಸದರಿ ಹೊಲವನ್ನು ಹತ್ತಿರದ ಊರಿನ ಗಂಡ ಹೆಂಡತಿ ಹನ್ನೆರಡು ವರ್ಷಗಳಿಂದ ಪಾಲಿಗೆ ಮಾಡುತ್ತಿದ್ದರು. ಗಂಡನಿಗೆ ಮಾತು ಕಡಿಮೆ. ಇದ್ದಷ್ಟು ಮಾತನ್ನು ಎತ್ತುಗಳ ಜೊತೆ ಆಡಿ ಮುಗಿಸುತ್ತಿದ್ದರು. ಹೆಂಡತಿಗೆ ಐವತ್ತರ ಆಸುಪಾಸು. ಅವರನ್ನು ನಾನು ಅಕ್ಕಾರ ಎಂದು ಕರೆಯುತ್ತಿದ್ದೆ. ಹೊಲದ ಮಾಲೀಕರು ಇಂಡಿಯಲ್ಲಿ ನೆಲೆಸಿದ್ದ ನಿವೃತ್ತ ಶಿಕ್ಷಕರು. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ. ಎರಡರಲ್ಲಿಯೂ ಎಲ್ಲರಿಗೂ ಅವರು ಮಾಸ್ತರರೇ. ಮೊಣಕಾಲು ನೋವಿನ ಕಾರಣ ವರ್ಷಕ್ಕೆ ಎರಡು ಸಲ ಮಾತ್ರ ಬರುತ್ತಿದ್ದರು: ಯುಗಾದಿಗೆ ಪಾಲಿನ ಮಾತು ಮುಂದುವರಿಸಲು, ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಹೊಲದಲ್ಲಿ ಊಟ ಮಾಡಲು.

ನಾನು ಹೊಸದಾಗಿ ಬಂದ ವರ್ಷದ ಯುಗಾದಿಯಲ್ಲಿ ಪಾಲಿನ ಮಾತು ಎಂದಿನಂತೆ ಮುಂದುವರಿದಿರಲಿಲ್ಲ. ಹಿಂದಿನ ಎರಡು ಹಂಗಾಮಿನಲ್ಲಿ ಕಡಲೆಗಿಂತ ಕಸವೇ ಎತ್ತರ ಬೆಳೆದದ್ದನ್ನು ಮಾಸ್ತರರು ಕಂಡಿದ್ದರು. ಅವರು ಅಂದು ಆಡಿದ ಮಾತನ್ನು ಅಕ್ಕಾರು ಮೊದಲ ಭೇಟಿಯಲ್ಲಿಯೇ ನನಗೆ ಒಪ್ಪಿಸಿದರು.

“‘ಇದೊಂದು ವರ್ಷ ನೋಡ್ತೇನಿ. ಹೊಲ ಹೊಲಧಂಗ ಕಾಣಬೇಕು. ಇಲ್ಲಂದ್ರ ಬರೂ ಯುಗಾದಿಗೆ ಟ್ರ್ಯಾಕ್ಟರ್ ಇದ್ದಾವ್ರಿಗೆ ಕೊಡ್ತೇನಿ’ ಅಂದಾರ್ರಿ.”

“ಹೊಲ ಹೋದ್ರ ಏನ್ ಮಾಡ್ತೀರಿ ಅಕ್ಕಾರ?” ಎಂದು ಕೇಳಿದೆ. ಕೇಳಬಾರದಾಗಿತ್ತು.

“ಎತ್ತು ಮಾರೂದು, ಮಂದಿ ಹೊಲಕ್ಕ ಕೂಲಿ ಹೋಗೂದು. ಆದ್ರ ಇದ ಹೊಲಕ್ಕ ಕೂಲಿಗೆ ಬಾ ಅಂದ್ರ ಮಾತ್ರ ನಾ ಬರಂಗಿಲ್ಲ ನೋಡ್ರಿ.”

ಅದೇ ವರ್ಷ ನಮ್ಮ ಕಚೇರಿಯಿಂದ ಕಡಲೆಯ ಸುಧಾರಿತ ಬೇಸಾಯದ ಪ್ರಾತ್ಯಕ್ಷಿಕೆಗಾಗಿ ಒಂದು ಹೊಲ ಆರಿಸಬೇಕಾಗಿತ್ತು. ರಸ್ತೆಯಿಂದ ನಾಲ್ಕು ಜನರಿಗೆ ಕಾಣುವಂತಿರಬೇಕೆಂಬುದು ನಿಯಮ. ಆ ನಿಯಮಕ್ಕೆ ಈ ಹೊಲ ಹೊಂದುತ್ತಿತ್ತು. ಅಕ್ಕಾರ ಮಾತು ನನ್ನ ಕಿವಿಯಲ್ಲಿ ಉಳಿದದ್ದೂ ಆಯ್ಕೆಗೆ ಕಾರಣವೆಂಬುದನ್ನು ಕಡತದಲ್ಲಿ ಬರೆಯಲು ಬರುತ್ತಿರಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಹೊಲ ಕಸವಾಗಲು ಕಾರಣಗಳನ್ನು ಪರಿಶೀಲಿಸಿದಾಗ ಕಂಡದ್ದಿಷ್ಟು. ಮಳೆಗಾಲದಲ್ಲಿ ಹೆಸರು ಬೆಳೆದು, ಅದನ್ನು ಕಿತ್ತ ಮೇಲೆ ಅವಸರದಲ್ಲಿ ತಡವಾಗಿ ಕಡಲೆ ಬಿತ್ತುತ್ತಿದ್ದರು. ಬೀಜ ಬಹಳ ಒತ್ತು. ಒತ್ತಾಗಿ ಬಿತ್ತಿದರೆ ಕಸಕ್ಕೆ ಜಾಗವೇ ಸಿಗುವುದಿಲ್ಲವೆಂದು ಅವರ ನಂಬಿಕೆ. ಸಾಲುಗಳು ಹತ್ತಿರ ಬಿದ್ದಿದ್ದರಿಂದ ನಡುವಿನ ಕಸ ತೆಗೆಯುವ ಎಡೆಕುಂಟೆ ಹೋಗುತ್ತಿರಲಿಲ್ಲ. ಕುಂಟೆ ಹೋಗದ ಕಡೆ ಕಸ ನಿಲ್ಲುತ್ತಿತ್ತು. ಹೀಗಾಗಿ ಆ ಮಳೆಗಾಲ ಹೊಲವನ್ನು ಖಾಲಿ ಬಿಡಲು ಹೇಳಿದೆ. ಪ್ರತಿ ಮಳೆಯ ನಂತರ ಹದ ನೋಡಿ ಕುಂಟೆ ಹೊಡೆಯುವುದು, ಹುಟ್ಟಿದ ಕಸ ಹುಟ್ಟಿದಲ್ಲಿಯೇ ಸಾಯುವುದು. ಗಂಡ ಐದು ಸಲ ಕುಂಟೆ ಹೊಡೆದರು. ಐದನೆಯ ಸಲ ಮುಗಿಸಿ, ಕುಂಟೆಗೆ ಅಂಟಿದ ಮಣ್ಣನ್ನು ಕೆರೆಯುತ್ತ, “ಎತ್ತು ನಿಮ್ಮ ಹೆಸರ ಕೇಳಾಕತ್ತಾವ್ರಿ,” ಎಂದರು. ಅದು ಅವರು ನನ್ನೊಂದಿಗೆ ಆಡಿದ ಮೊದಲ ಪೂರ್ಣ ವಾಕ್ಯ.

ಬಿತ್ತನೆಯ ಹಿಂದಿನ ದಿನ ಬೀಜ ಆರಿಸಿ, ಸಣ್ಣ ಕಾಳು ತೆಗೆದು, ರೋಗ ಬರದಂತೆ ಔಷಧದ ಪುಡಿ ಲೇಪಿಸಿ ನೆರಳಿನಲ್ಲಿ ಹರವಿದೆವು. ಬಿಳಿ ಪುಡಿ ಮೆತ್ತಿದ ಕಡಲೆಯನ್ನು ಅಕ್ಕಾರು ತಲೆ ಓರೆ ಮಾಡಿ ನೋಡಿದರು.

“ಪೌಡರ್ ಹಚ್ಚಿ ಮದಿಮಗಳನ್ನ ಮಾಡಿ ಕುಂದ್ರಿಸೀರಿ. ನಾಳೆ ಮಣ್ಣಾಗ ಹೋಗೂದಕ್ಕ ಇಷ್ಟೆಲ್ಲಾ ಯಾಕ್ರಿ?”

“ಮಣ್ಣಾಗ ಹೋಗಿ ಹೊಳ್ಳಿ ಬರ್ಲಿ ಅಂತ ಅಕ್ಕಾರ.”

ಮರುದಿನ ಗಂಡ ಕೂರಿಗೆ ಹಿಡಿದರು. ಅಕ್ಕಾರು ಕೂರಿಗೆಯ ಬಟ್ಟಲಿಗೆ ಬೀಜ ಬಿಡುತ್ತ ಹಿಂದೆ ನಡೆದರು. ಬಟ್ಟಲಿನ ಒಂದೊಂದು ತೂತಿನಿಂದ ಒಂದೊಂದು ಸಾಲಿಗೆ ಬೀಜ ಇಳಿಯುತ್ತದೆ. ಸಾಲಿನಿಂದ ಸಾಲಿಗೆ ಒಂದು ಅಡಿ, ಕಾಳಿನಿಂದ ಕಾಳಿಗೆ ಅರ್ಧ ಗೇಣು. ನಾನು ಅಳತೆಯ ಕೋಲು ಹಿಡಿದು ಸಾಲುಗಳ ನಡುವೆ ಬಗ್ಗಿ ಬಗ್ಗಿ ಅಳೆಯುತ್ತಿದ್ದೆ. ಅವರ ಬೆರಳುಗಳಿಂದ ಬೀಜ ಇಳಿಯುತ್ತಿದ್ದ ಹದ ಎಷ್ಟು ಸಮವಾಗಿತ್ತೆಂದರೆ ಹತ್ತು ಸಾಲಿನ ನಂತರ ಕೋಲನ್ನು ಬದುವಿನ ಮೇಲೆ ಇಟ್ಟುಬಿಟ್ಟೆ.

ಅದರ ಮರುದಿನ ಕಳೆನಾಶಕ ಸಿಂಪಡಣೆ. ನಮ್ಮ ಕಡೆ ಇದಕ್ಕೆ ಎಣ್ಣಿ ಹೊಡೆಯುವುದು ಎನ್ನುತ್ತಾರೆ. ಕಡಲೆಗೆ ಎಣ್ಣೆ ಎಂದರೆ ಕಾಯಿಕೊರಕ ಹುಳಕ್ಕೆ ಎಂದು ಮಾತ್ರ ಅವರಿಗೆ ಗೊತ್ತಿತ್ತು. ಬೆಳೆಯೂ ಇಲ್ಲದ, ಕಸವೂ ಇಲ್ಲದ ಬರೀ ಮಣ್ಣಿಗೆ ಹೊಡೆಯುವುದು ಅವರಿಗೆ ಹೊಸದು. ಹಸಿ ಇರುವ ಮಣ್ಣಿನ ಮೇಲೆ ಅದು ತೆಳುವಾದ ಪದರದಂತೆ ಕೂರುತ್ತದೆ, ಕಸದ ಬೀಜ ಮೊಳೆತು ಮೇಲೆ ಬರುವಾಗ ಆ ಪದರದಲ್ಲಿಯೇ ಸಾಯುತ್ತದೆ, ಆಳದಲ್ಲಿರುವ ಕಡಲೆಗೆ ತೊಂದರೆಯಿಲ್ಲ ಎಂದು ವಿವರಿಸಿದೆ. ಸಿಂಪಡಿಸಿದ ಜಾಗವನ್ನು ತುಳಿಯದಂತೆ ಹಿಂದಕ್ಕೆ ನಡೆಯುತ್ತ ಹೊಡೆಯಲು ಗಂಡನಿಗೆ ಕಲಿಸಿದೆ. ಬೆನ್ನಿಗೆ ಪಂಪು ಕಟ್ಟಿಕೊಂಡು ಅವರು ಇಡೀ ಹೊಲವನ್ನು ಹಿಂದು ಹಿಂದಾಗಿ ನಡೆದರು. ಮಾಡಬಾರದ ಕೆಲಸಗಳ ಒಂದು ಚೀಟಿಯನ್ನೂ ಬರೆದುಕೊಟ್ಟೆ: ದನ ಬಿಡಬಾರದು, ಮಣ್ಣು ಕೆದಕಬಾರದು, ಇಪ್ಪತ್ತೈದು ದಿನ ಎಡೆಕುಂಟೆ ಹೊಡೆಯಬಾರದು.

ಸಂಜೆ ಪಂಪು ತೊಳೆಯುವಾಗ ಅಕ್ಕಾರು ಕೇಳಿದರು.

“ನಾಳೆ ಸೀಗಿ ಹುಣ್ಣಿಮಿ ಐತಿ. ಚರಗ ಚೆಲ್ಲಬೇಕು. ಮಂದಿ ತುಳದ್ರ ನಡೀತೈತೇನ್ರಿ ಸಾಹೇಬ್ರ?”

ಭೂಮಿತಾಯಿಗೆ ಎಡೆ ಹಿಡಿದು, ಕಡುಬು, ಪಲ್ಯ, ಅನ್ನ ಕಲಸಿದ ಬುಟ್ಟಿ ಹೊತ್ತು, ಹೊಲದ ತುಂಬ ಅದನ್ನು ಬೀರುತ್ತ ಹೋಗುವುದಕ್ಕೆ ಚರಗ ಎನ್ನುತ್ತೇವೆ. ನಮ್ಮ ಮನೆಯಲ್ಲಿಯೂ ಚೆಲ್ಲುತ್ತಿದ್ದೆವು. ಆದರೂ ಸಿಂಪಡಣೆಯ ದಿನ ಗೊತ್ತುಪಡಿಸುವಾಗ ನಾನು ಕಚೇರಿಯ ಡೈರಿ ನೋಡಿದ್ದೆನೇ ಹೊರತು ಪಂಚಾಂಗ ನೋಡಿರಲಿಲ್ಲ. ಜನರ ಓಡಾಟದ ಬಗ್ಗೆ ನನಗೆ ಬಂದಿದ್ದ ಸೂಚನೆಗಳಲ್ಲಿ ಏನೂ ಇರಲಿಲ್ಲ. ಗೊತ್ತಿಲ್ಲ ಎಂದು ಹೇಳಬಹುದಿತ್ತು. ದಿನವಿಡೀ ಎಲ್ಲವನ್ನೂ ಗೊತ್ತಿದ್ದವನಂತೆ ಹೇಳಿ, ಸಂಜೆಗೆ ಗೊತ್ತಿಲ್ಲ ಎನ್ನಲು ನಾಲಿಗೆ ಏಳಲಿಲ್ಲ.

“ನಡೀತೈತಿ ಅಕ್ಕಾರ. ಮಂದಿ ನಡದ್ರ ಏನೂ ಆಗಂಗಿಲ್ಲ.”

“ಹಂಗಾದ್ರ ನೀವೂ ಬರ್ರಿ ಊಟಕ್ಕ.”

ಮರುದಿನ ಬೀಗರು, ಬಾಜೂ ಹೊಲದವರು ಸೇರಿ ಸುಮಾರು ಮೂವತ್ತು ಮಂದಿ ಬಂದಿದ್ದರು. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರನ್ನು ಕೂರಿಸಿದ್ದರು. ಮಾಸ್ತರರು ಬಂದಿರಲಿಲ್ಲವಾದರೂ ಇಂಡಿಯಿಂದ ಹೇಳಿ ಕಳುಹಿಸಿದ್ದರು: ತಮ್ಮ ತಾಯಿ ನಡೆಸಿಕೊಂಡು ಬಂದಂತೆ ಮೊದಲು ಬದುವಿನ ಒಳಗಿನಿಂದ ಸುತ್ತ, ನಂತರ ಬನ್ನಿ ಗಿಡದಿಂದ ಪಡುವಣ ಬದುವಿನವರೆಗೆ ನಟ್ಟ ನಡುವೆ ನೇರ ಒಂದು ಸಾರಿ, ಬಿಡದಂತೆ ಚರಗ ಚೆಲ್ಲಬೇಕು. ಗಂಡ ಬುಟ್ಟಿ ಹೊತ್ತರು. ಹಿಂದೆ ನೀರು ಚಿಮುಕಿಸುತ್ತ ಬರುವ ತಂಬಿಗೆಯನ್ನು ಅಕ್ಕಾರು ನನ್ನ ಕೈಗೆ ಕೊಟ್ಟರು. ಹೊಲಕ್ಕೆ ವಿದ್ಯೆ ಕೊಟ್ಟವರು ಎಂದು ಯಾರೋ ಅಂದರು. ಹಿಂದಿನ ದಿನ ಒಂದು ಹೆಜ್ಜೆಯೂ ಬೀಳದಂತೆ ಕಾಯ್ದ ಮಣ್ಣಿನ ಮೇಲೆ, ಬುಟ್ಟಿಯ ಹಿಂದೆ, ಮೂವತ್ತು ಮಂದಿಯ ಸಾಲಿನ ಮುಂದೆ, ತಂಬಿಗೆ ಹಿಡಿದು ನಾನು ನಡೆದೆ. ಎರೆಮಣ್ಣು ಇನ್ನೂ ಹಸಿಯಾಗಿತ್ತು. ಹೆಜ್ಜೆ ಹೆಜ್ಜೆಗೂ ಕಾಲಿಗೆ ಹೆಂಟೆಯಾಗಿ ಅಂಟಿ ಮೇಲೇಳುತ್ತಿತ್ತು. ಆಗ ಒಮ್ಮೆ ಮನಸ್ಸು ಅಳುಕಿತು. ಅದನ್ನು ಯಾರಿಗೂ ಹೇಳಲಿಲ್ಲ.

ಎರಡು ದಿನ ಬಿಟ್ಟು ಒಳ್ಳೆಯ ಮಳೆಯಾಯಿತು. ಕಡಲೆ ಸೊಗಸಾಗಿ ಎದ್ದಿತು. ಸಾಲುಗಳ ನಡುವೆ ಬರೀ ಕಪ್ಪು ಮಣ್ಣು. ಬಾಜೂ ಹೊಲದವರು ಬದುವಿಗೆ ಬಂದು ನಿಂತು ನೋಡಿದರು. ಹದಿನೈದನೆಯ ದಿನ ನಾನು ಸೈಕಲ್ ಮೋಟಾರು ರಸ್ತೆಯಲ್ಲಿ ನಿಲ್ಲಿಸಿ ನೋಡಿದಾಗ, ಬದುವಿನ ಒಳಗಿನಿಂದ ಸುತ್ತ, ಮತ್ತು ಬನ್ನಿ ಗಿಡದಿಂದ ಪಡುವಣಕ್ಕೆ ನೇರವಾಗಿ, ಹಸಿರು ಪಟ್ಟಿಯೊಂದು ಹರಿದಿತ್ತು. ಹತ್ತಿರ ಹೋದೆ. ಹತ್ತರಕಿ, ಕಾಂಗ್ರೆಸ್ ಕಸ, ಹೆಸರು ಗೊತ್ತಿಲ್ಲದ ಇನ್ನೂ ನಾಲ್ಕು. ಕಾಲಿಗೆ ಅಂಟಿ ಎದ್ದ ಮಣ್ಣಿನೊಂದಿಗೆ ಎಣ್ಣೆಯ ಪದರವೂ ಎದ್ದು ಹೋಗಿತ್ತು. ನಾವು ಎಲ್ಲಿ ನಡೆದಿದ್ದೆವೋ ಅಲ್ಲಿ ಮಾತ್ರ ಕಸ ಹುಟ್ಟಿತ್ತು. ಒಂದು ಕಡೆ ಹೆಜ್ಜೆಗಳನ್ನೇ ಎಣಿಸಬಹುದಾಗಿತ್ತು.

ಊರಿನವರು ಅದಕ್ಕೆ ಸಾಹೇಬರ ರಸ್ತೆ ಎಂದು ಹೆಸರಿಟ್ಟರು. ಚಹಾ ಅಂಗಡಿಯ ಮುಂದೆ ಹಾಯುವಾಗ, “ಸಾಹೇಬ್ರ, ನಿಮ್ಮ ರಸ್ತೆಕ್ಕ ಡಾಂಬರ್ ಯಾವಾಗ್ರಿ?” ಎಂದು ಕೇಳುತ್ತಿದ್ದರು. ನೀವೇ ಹೇಳಿದ್ದಿರಲ್ಲ ಎಂಬ ಒಂದು ಮಾತನ್ನು ಅಕ್ಕಾರ ಬಾಯಿಂದ ನಾನು ದಿನವೂ ನಿರೀಕ್ಷಿಸುತ್ತಿದ್ದೆ. ಅದು ಬರಲಿಲ್ಲ.

ಒಂದು ತಿಂಗಳಿಗೆ ಎಡೆಕುಂಟೆ ಹೊಡೆದರು. ಉಳಿದ ಹೊಲದಲ್ಲಿ ಅದು ಸರಾಗ ಹೋಯಿತು. ತುಳಿದ ಪಟ್ಟಿಯಲ್ಲಿ ಮಣ್ಣು ಗಟ್ಟಿಯಾಗಿ ಕಡಲೆಯೇ ವಿರಳವಾಗಿತ್ತು, ಕಸ ಗಿಡದ ಬುಡಕ್ಕೆ ಅಂಟಿಕೊಂಡಿತ್ತು. ಕುರ್ಪಿ ಹಿಡಿದು ಕುಳಿತೇ ತೆಗೆಯಬೇಕು. ಆಳುಗಳೆಲ್ಲ ಹತ್ತಿ ಬಿಡಿಸಲು ಹೋಗುತ್ತಿದ್ದ ಕಾಲ. ಅಕ್ಕಾರು ಒಬ್ಬರೇ ದಿನಕ್ಕೆ ಇಷ್ಟಿಷ್ಟು ತೆಗೆಯತೊಡಗಿದರು. ಅದೇ ಹೊತ್ತಿಗೆ, ಕಡಲೆಯ ಕುಡಿ ಚಿವುಟಿದರೆ ಕವಲೊಡೆದು ಕಾಯಿ ಹೆಚ್ಚಾಗುತ್ತದೆ ಎಂಬ ಸಲಹೆಯನ್ನೂ ಕೊಡಬೇಕಾಗಿತ್ತು. ಕೊಟ್ಟೆ. ಅವರ ಉಡಿಯಲ್ಲಿ ಆಗಲೇ ಪಲ್ಯಕ್ಕೆಂದು ಚಿವುಟಿದ ಕುಡಿ ತುಂಬಿತ್ತು.

“ಇದನ್ನ ಹೇಳಾಕ ನಿಮಗ ಪಗಾರ ಕೊಡ್ತಾರೇನ್ರಿ? ನಮ್ಮತ್ತಿ ಪುಕ್ಕಟ ಕಲಿಸ್ಯಾಳ,” ಎಂದು ನಕ್ಕರು. ಆ ನಗುವಿನಿಂದ ನನಗೆ ಎಷ್ಟು ಸಮಾಧಾನವಾಯಿತೆಂಬುದನ್ನು ಇಲ್ಲಿ ದಾಖಲಿಸುತ್ತೇನೆ.

ಎಳ್ಳಮಾಸಿ ಹತ್ತಿರ ಬಂದಿತು. ಸುತ್ತಿನ ಪಟ್ಟಿಯನ್ನು ಅಕ್ಕಾರು ಸ್ವಚ್ಛ ಮಾಡಿದ್ದರು. ನಡುವಿನದು ಉಳಿದಿತ್ತು. ರಸ್ತೆಯಿಂದ ಬರುವವರಿಗೆ ಮೊದಲು ಕಾಣುವುದು ಅದೇ. ಹಬ್ಬದ ಹಿಂದಿನ ದಿನ ನಾನು ಕುಳಿತು ಮಾಸ್ತರರಿಗೆ ಒಂದು ಪತ್ರ ಬರೆದೆ, ಎರಡು ಬಾರಿ ತಿದ್ದಿ ಶುದ್ಧಪ್ರತಿ ಮಾಡಿದೆ, ಮರುದಿನ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಹೊಲಕ್ಕೆ ಹೋದೆ.

ಮಾಸ್ತರರು ಕೋಲು ಊರುತ್ತ ಬದುವಿನ ಮೇಲೆ ಬಂದರು. ಬಿಳಿ ಧೋತರ, ತಲೆಗೆ ಕರಿ ಟೋಪಿ. ಬಹಳ ಹೊತ್ತು ನೋಡಿದರು.

“ನಡುವ ಇದೇನಿದು?” ಎಂದು ಕೇಳಿದರು.

ಗಂಡ ಎತ್ತುಗಳ ಕಡೆ ನೋಡಿದರು. ಅಕ್ಕಾರು ಸೆರಗು ಸರಿಪಡಿಸಿಕೊಂಡು, “ನಂದ ತಪ್ಪರಿ ಮಾಸ್ತರ್ರ. ಎಣ್ಣಿ ಹೊಡದ ಮರುದಿನ ಮಂದೀನ ತುಳಿಸೇನ್ರಿ,” ಎಂದರು.

ನಾನು ಮುಂದೆ ಹೋಗಿ ಪತ್ರವನ್ನು ಕೊಟ್ಟೆ. ಅವರು ಅದನ್ನು ತಿರುಗಿಸಿ ನೋಡಿ ನನಗೇ ಮರಳಿಸಿದರು.

“ಚಶ್ಮಾ ಮನ್ಯಾಗ ಉಳದೈತಿ. ನೀವ ಓದ್ರಿ.”

ಹೊಲದಲ್ಲಿ ನಿಂತು, ಬುತ್ತಿ ಬಿಚ್ಚುತ್ತಿದ್ದ ಬೀಗರೆಲ್ಲರ ಎದುರಿಗೆ, ಆ ಪತ್ರವನ್ನು ನಾನು ಓದಬೇಕಾಯಿತು:

“ಮಾನ್ಯರೆ, ತಮ್ಮ ಹೊಲದಲ್ಲಿ ಪಟ್ಟಿಯಾಗಿ ಬೆಳೆದಿರುವ ಕಸಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರುವುದೇನೆಂದರೆ, ಸಿಂಪಡಣೆಯ ಮರುದಿನ ಹೊಲದಲ್ಲಿ ಜನ ನಡೆಯಬಹುದೇ ಎಂದು ಪಾಲುದಾರರು ಸಕಾಲದಲ್ಲಿ ವಿಚಾರಿಸಿದ್ದು, ನಡೆಯಬಹುದೆಂದು ನಾನೇ ತಿಳಿಸಿರುತ್ತೇನೆ. ಸದರಿ ಮಾಹಿತಿಯು ತಪ್ಪಾಗಿದ್ದು, ತಿಳಿಯದೆ ಇದ್ದುದನ್ನು ತಿಳಿದಂತೆ ಹೇಳಿದ ಲೋಪ ನನ್ನದಾಗಿರುತ್ತದೆ. ಪಾಲುದಾರರು ಕುಂಟೆ, ಬಿತ್ತನೆ, ಕಳೆ ಯಾವುದರಲ್ಲಿಯೂ ಕೊರತೆ ಮಾಡಿರುವುದಿಲ್ಲ. ಆದಕಾರಣ ಯುಗಾದಿಗೆ ಹೊಲ ಬಿಡಿಸುವ ವಿಚಾರವನ್ನು ಮರುಪರಿಶೀಲಿಸಬೇಕಾಗಿ ಕೋರಿಕೆ.”

ನಾನು ಓದಿ ಮುಗಿಸುವವರೆಗೂ ಅಕ್ಕಾರು ಬೆನ್ನು ತಿರುಗಿಸಿ, ಸರಿಯಾಗಿಯೇ ಇದ್ದ ಐದು ಕಲ್ಲುಗಳನ್ನು ಮತ್ತೆ ಸರಿಯಾಗಿ ಇಡುತ್ತಿದ್ದರು.

ಮಾಸ್ತರರು ಅಕ್ಕಾರನ್ನು ಕೇಳಿದರು: “ಎಲ್ಲಿಂದ ಎಲ್ಲೀತನಕ ನಡದ್ರಿ?”

“ನಿಮ್ಮ ಅವ್ವಾರು ನಡೀತಿದ್ದ ಹಾದೀನರಿ. ಸುತ್ತ ಒಂದ ಸಲ, ಆಮ್ಯಾಲೆ ಬನ್ನಿ ಗಿಡದಿಂದ ಪಡವಲ ಬದುವಿನ ತನಕ.”

“ನಾನ ಹೇಳಿ ಕಳಿಸಿದ್ದೆ.”

“ಹೌದ್ರಿ.”

ಅವರು ಕೋಲಿನ ಮೇಲೆ ಭಾರ ಹಾಕಿ ಹೊಲಕ್ಕೆ ಇಳಿದರು. ಪಟ್ಟಿಯ ಈಚೆಗಿನ ಒಂದು ಗಿಡ ಎತ್ತಿ ಕಾಯಿ ನೋಡಿದರು. ಆಚೆಗಿನ ಒಂದು ಗಿಡ ಎತ್ತಿ ನೋಡಿದರು. ಹಸಿ ಕಾಯಿ ಒಂದನ್ನು ಸುಲಿದು ಬಾಯಿಗೆ ಹಾಕಿಕೊಂಡರು.

“ಎರಡೂ ಬಾಜೂಕ ಕಸ ಇಲ್ಲಲ್ಲ.”

“ಇಲ್ರಿ.”

“ಬರೇ ನಾವು ತುಳದಲ್ಲೇ ಐತಿ.” ಇಷ್ಟು ಹೇಳಿ ಬದುವಿಗೆ ಹತ್ತಿದರು. ಗಂಡ ಕೈ ಹಿಡಿದು ಎಳೆದುಕೊಂಡರು. “ಮುಂದಿನ ವರ್ಷ ಮೊದಲ ಚರಗ ಚೆಲ್ರಿ, ಆಮ್ಯಾಲೆ ಎಣ್ಣಿ ಹೊಡೀರಿ.”

ಅಕ್ಕಾರು ಎದ್ದು ನಿಂತರು.

“ಮುಂದಿನ ವರ್ಷದ ಮಾತು ಯಾರಿಗೆ ಹೇಳಾಕತ್ತೀರಿ ಮಾಸ್ತರ್ರ, ನಮಗೋ ಟ್ರ್ಯಾಕ್ಟರ್ ಇದ್ದಾವ್ರಿಗೋ?”

“ಟ್ರ್ಯಾಕ್ಟರ್‌ದಾಂವ ನಮ್ಮವ್ವನ ಹಾದಿ ಹಿಡದು ಚರಗ ಚೆಲ್ಲತಾನೇನು? ಹೊಟ್ಟಿ ಹಸದೈತಿ, ನೀಡ್ರಿ.”

ಎಳ್ಳಮಾಸಿಗೂ ಚರಗ ಇರುವುದರಿಂದ ಅಂದು ಊಟಕ್ಕೆ ಮುನ್ನ ಮತ್ತೆ ಚೆಲ್ಲಿದೆವು. ಕಡಲೆ ಮೊಣಕಾಲವರೆಗೆ ಬೆಳೆದು ಸಾಲುಗಳು ಕೂಡಿಕೊಂಡಿದ್ದವು. ಕಾಯಿ ಮುರಿಯದೆ ನಡೆಯಲು ಜಾಗವಿದ್ದುದು ಆ ಪಟ್ಟಿಯಲ್ಲಿ ಮಾತ್ರ. ತಂಬಿಗೆ ಈ ಸಲವೂ ನನ್ನ ಕೈಗೇ ಬಂತು. ಹಿಂದಿನಿಂದ ಅಕ್ಕಾರು, “ನಿಮ್ಮ ರಸ್ತೆ ಉಪಯೋಗಕ್ಕ ಬಂತ್ರಿ ಸಾಹೇಬ್ರ,” ಎಂದರು. ರಾಶಿಯಾದಾಗ ಹಿಂದಿನ ವರ್ಷಕ್ಕಿಂತ ಹೆಚ್ಚು ಚೀಲ ಕಡಲೆ ಬಂದಿತು. ಯುಗಾದಿಯಂದು ಪಾಲಿನ ಮಾತು ಮುಂದುವರಿಯಿತು.

ಆದರೆ ಹುಣ್ಣಿಮೆಯ ದಿನಕ್ಕೂ ಬಿತ್ತನೆಯ ಹದಕ್ಕೂ ಪ್ರತಿ ವರ್ಷ ತಾಳೆಯಾಗುತ್ತದೆಂದು ಹೇಳಲಾಗದು. ಮುಂದಿನ ಹಂಗಾಮಿನಲ್ಲಿ ಮಳೆ ಬೇಗ ಬಿಟ್ಟಿತು. ಹುಣ್ಣಿಮೆಯವರೆಗೆ ಕಾದರೆ ಹಸಿ ಆರುತ್ತಿತ್ತು. ಬಿತ್ತಲೇಬೇಕು, ಎಣ್ಣೆ ಹೊಡೆಯಲೇಬೇಕು, ಆಮೇಲೆ ಚರಗವನ್ನೂ ಚೆಲ್ಲಲೇಬೇಕು. ನಾನು ಈ ಬಗ್ಗೆ ಮೇಲಧಿಕಾರಿಗಳಿಗೆ ಬರೆದು ಕೇಳುವ ಯೋಚನೆಯಲ್ಲಿದ್ದೆ. ಬಿತ್ತನೆಯ ದಿನ ಹೋಗಿ ನೋಡಿದರೆ, ಕೂರಿಗೆ ಬದುವಿನ ಒಳಗಿನಿಂದ ಸುತ್ತ ಹೋಗುವಾಗ ಅಕ್ಕಾರು ಬಟ್ಟಲಿನ ಒಂದು ತೂತಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದಿದ್ದರು. ಆ ತೂತಿನಿಂದ ಬೀಜ ಇಳಿಯಲಿಲ್ಲ. ಬನ್ನಿ ಗಿಡದಿಂದ ಪಡುವಣಕ್ಕೆ ಹೋಗುವಾಗಲೂ ಹಾಗೆಯೇ. ಬೀಜವಿಲ್ಲದ ಆ ಒಂದು ಸಾಲು ಚರಗಕ್ಕೆ. ಕಸ ಹುಟ್ಟಿದರೂ ಅಲ್ಲಿ ಕಡಲೆಯಿಲ್ಲ. ಎಡೆಕುಂಟೆ ಒಮ್ಮೆ ಹೋದರೆ ಸಾಕು.

“ಯಾರ್ ಹೇಳಿದ್ರಿ ಅಕ್ಕಾರ ಇದನ್ನ?” ಎಂದು ಕೇಳಿದೆ.

“ಯಾರೂ ಹೇಳಿಲ್ಲ. ನಿಮ್ಮನ್ನ ಕೇಳಿದ್ರ ನೀವು ನಡೀತೈತಿ ಅಂತೀರಿ.”

ಗಂಡ ಎತ್ತು ನಿಲ್ಲಿಸಿ ಜೋರಾಗಿ ನಕ್ಕರು. ಅವರು ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಆ ವರ್ಷದ ಪ್ರಾತ್ಯಕ್ಷಿಕೆಯ ನಮೂನೆಯಲ್ಲಿ ಸಾಲಿನ ಅಂತರಕ್ಕೆ, ಬೀಜದ ಪ್ರಮಾಣಕ್ಕೆ, ಸಿಂಪಡಣೆಯ ದಿನಕ್ಕೆ ಅಂಕಣಗಳಿದ್ದವು. ಬಿಟ್ಟ ಸಾಲಿಗೆ ಅಂಕಣವಿರಲಿಲ್ಲ. ಷರಾ ಎಂಬ ಕೊನೆಯ ಅಂಕಣದಲ್ಲಿ, ‘ಚರಗಕ್ಕಾಗಿ ಒಂದು ಸಾಲು ಬಿಡಲಾಗಿದೆ, ಸಲಹೆ ಪಾಲುದಾರ ಮಹಿಳೆಯದು’ ಎಂದು ಬರೆದು ಸಹಿ ಮಾಡಿದೆ. ಮುಂದೆ ಇಂಡಿ ತಾಲ್ಲೂಕಿಗೆ ವರ್ಗವಾದ ಮೇಲೆ ಹೊರ್ತಿಯ ಕಡೆ ಯಾರಾದರೂ, ತುಳಿದರೆ ನಡೆಯುತ್ತದೆಯೇ ಎಂದು ಕೇಳಿದಾಗ, ನನಗೆ ಗೊತ್ತಿದ್ದ ಆ ಹೆಬ್ಬೆರಳಿನ ವಿಧಾನವನ್ನು ಹೇಳುತ್ತಿದ್ದೆ. ಗೊತ್ತಿಲ್ಲದ್ದನ್ನು ಕೇಳಿದಾಗ, ಗೊತ್ತಿಲ್ಲ, ಕೇಳಿ ಬಂದು ಹೇಳುತ್ತೇನೆ ಎನ್ನುತ್ತಿದ್ದೆ.